ಮೊದಲು ಬಂದವನ ಅಳತೆ

1987ರ ಡಿಸೆಂಬರಿನಲ್ಲಿ ಚಿಂತಾಮಣಿಯ ಒಂದು ಯುವಕ ಸಂಘದವರು ಐವತ್ತು ದಾಟಿದವರಿಗೆಂದೇ ಓಟದ ಸ್ಪರ್ಧೆ ಇಟ್ಟಿದ್ದರು. ಗೌರಿಬಿದನೂರಿನ ನೂಲಿನ ಮಿಲ್ಲಿನಲ್ಲಿ ಗೇಟು ಕಾಯುವ ಕೊಂಡಪ್ಪ ಅದರಲ್ಲಿ ಮೊದಲನೆಯವನಾಗಿ ಬಂದ. ಎರಡನೆಯವನು ರಸ್ತೆಯ ತಿರುವಿನಲ್ಲಿ ಕಣ್ಣಿಗೆ ಬೀಳುವ ಹೊತ್ತಿಗೆ ಕೊಂಡಪ್ಪ ಬೆವರು ಒರೆಸಿಕೊಂಡು, ಶರಟು ಹಾಕಿಕೊಂಡು, ಯಾರೋ ಕೊಟ್ಟ ಕಿತ್ತಳೆ ಹಣ್ಣು ಸುಲಿಯುತ್ತ ನಿಂತಿದ್ದ. ವಯಸ್ಸೆಷ್ಟು ಎಂದು ಪೇಪರಿನವನೊಬ್ಬ ಕೇಳಿದ. ಐವತ್ನಾಲ್ಕು ಎಂದಾಗ ಅವನು ನಂಬದೆ ಮತ್ತೊಮ್ಮೆ ಕೇಳಿದ.

ಕೊಂಡಪ್ಪನಿಗೆ ಓಟ ಯಾರೂ ಕಲಿಸಿದ್ದಲ್ಲ. ಮಿಲ್ಲಿಗೆ ಸೇರಿದ ಹೊಸದರಲ್ಲಿ ಅವನು ಪಿನಾಕಿನಿಯ ಆಚೆ ದಡದ ಹಳ್ಳಿಯಿಂದ ಬರಬೇಕಿತ್ತು. ಸೈಕಲ್ಲಿರಲಿಲ್ಲ. ಹೊಳೆಯ ಮರಳಿನಲ್ಲಿ ನಡೆಯುತ್ತಿರುವಾಗಲೇ ಸೈರನ್ ಕೂಗಿಬಿಡುತ್ತಿತ್ತು, ಓಡದೆ ವಿಧಿಯಿರಲಿಲ್ಲ. ಆಮೇಲೆ ಮಿಲ್ಲಿನವರು ಕಾವಲಿನವರಿಗೆಂದು ಕಟ್ಟಿಸಿದ ವಠಾರದಲ್ಲಿ ಮನೆ ಸಿಕ್ಕಿತು. ಓಡುವ ಅಗತ್ಯ ಹೋಯಿತು, ಓಟ ಮಾತ್ರ ಉಳಿಯಿತು. ಬೆಳಗ್ಗೆ ಎದ್ದು ಹೊಳೆಯ ದಾರಿ ಹಿಡಿದು ಒಂದು ಸುತ್ತು ಹೋಗಿ ಬರದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. "ನಮ್ಮನೆಯೋರಿಗೆ ಓಟ ಅಂದ್ರೆ ಕಾಫಿ ಇದ್ದಂಗೆ" ಎಂದು ಹೆಂಡತಿ ಆದಿಲಕ್ಷ್ಮಮ್ಮ ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು.

ಚಿಂತಾಮಣಿಯಿಂದ ಬಂದ ಮೂರನೆಯ ದಿನ ಆಡಳಿತದ ಮ್ಯಾನೇಜರು ತಾವೇ ಗೇಟಿನವರೆಗೆ ಬಂದು ಕೊಂಡಪ್ಪನಿಗೆ ಹಾರ ಹಾಕಿದರು. ಪೇಪರಿನಲ್ಲಿ ಬಂದ ಚಿತ್ರವನ್ನು ನೋಟೀಸ್ ಬೋರ್ಡಿಗೆ ಅಂಟಿಸಿದರು. ಶಿಫ್ಟು ಮುಗಿಸಿ ಹೋಗುವವರೆಲ್ಲ ನಿಂತು ಚಪ್ಪಾಳೆ ತಟ್ಟಿದರು. ಅವನ ಜೊತೆ ಅದೇ ಗೇಟಿನಲ್ಲಿ ಇಪ್ಪತ್ತು ವರ್ಷದಿಂದ ಡ್ಯೂಟಿ ಮಾಡುತ್ತಿದ್ದ ಅಮೀರ್ ಜಾನ್ ತನ್ನ ದಪ್ಪ ಹೊಟ್ಟೆಯ ಮೇಲಿನ ಬೆಲ್ಟನ್ನು ಎಳೆದುಕೊಳ್ಳುತ್ತ, "ಸಾರ್, ಓಡೋನು ಇವನು, ಇವನ ಪಾಲಿನ ಊಟ ತಿಂದು ತಯಾರು ಮಾಡಿದೋನು ನಾನು. ನನಗೂ ಒಂದು ಹಾರ ಆಗಬೇಕಲ್ಲ" ಎಂದ. ಮ್ಯಾನೇಜರೂ ನಕ್ಕರು.

ಸಂಕ್ರಾಂತಿ ಕಳೆದು ವಾರವಾಗಿತ್ತು. ಅದೇ ಬೋರ್ಡಿನಲ್ಲಿ, ಅದೇ ಚಿತ್ರದ ಪಕ್ಕದಲ್ಲಿ, ಒಂದು ನೋಟೀಸು ಬಂತು. ಕಾವಲು ವಿಭಾಗದಲ್ಲಿ ಐವತ್ತು ತುಂಬಿದವರೆಲ್ಲರಿಗೂ ದೇಹದಾರ್ಢ್ಯದ ಪರೀಕ್ಷೆ ನಡೆಯುತ್ತದೆ. ಬೆಂಗಳೂರಿನಿಂದ ಡಾಕ್ಟರು ಬಂದು ನಾಡಿ, ಉಸಿರು ನೋಡುತ್ತಾರೆ. ಆಮೇಲೆ ಹೈಸ್ಕೂಲ್ ಮೈದಾನದಲ್ಲಿ ಆರು ಸುತ್ತು ಓಟ. ಮೊದಲು ಬಂದವನು ಎಷ್ಟು ಹೊತ್ತು ತೆಗೆದುಕೊಂಡನೋ ಅದರ ಮೇಲೆ ಕಾಲು ಭಾಗ ಸೇರಿಸಿ, ಅಷ್ಟರೊಳಗೆ ಮುಗಿಸಿದವರು ಪಾಸು. ಉಳಿದವರು ಲೆಕ್ಕ ಚುಕ್ತಾ ಮಾಡಿಕೊಂಡು ಹೋಗಬಹುದು. ಕೊನೆಯಲ್ಲಿ ಒಂದು ಸಾಲು: ಐವತ್ನಾಲ್ಕರ ವಯಸ್ಸಿನಲ್ಲೂ ಇದು ಸಾಧ್ಯವೆಂದು ನಮ್ಮವರೇ ತೋರಿಸಿಕೊಟ್ಟಿರುವುದು ಹೆಮ್ಮೆಯ ಸಂಗತಿ.

ಕೊಂಡಪ್ಪ ಅದನ್ನು ಎರಡು ಸಲ ಓದಿದ. ಹಿಂದೆ ನಿಂತು ಓದುತ್ತಿದ್ದವರು ಒಬ್ಬೊಬ್ಬರಾಗಿ ಸರಿದುಹೋದರು. ಪರೀಕ್ಷೆಗೆ ಸಿಕ್ಕಿಬೀಳುವವರು ಒಟ್ಟು ಹನ್ನೊಂದು ಜನ. ಅಮೀರ್ ಜಾನನಿಗೆ ಮಂಡಿನೋವು, ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದ. ಹಿಂದಿನ ಗೇಟಿನ ವೆಂಕಟರವಣಪ್ಪನಿಗೆ ಉಬ್ಬಸ, ಚಳಿಗಾಲ ಬಂದರೆ ಎದೆಯೊಳಗೆ ಬೆಕ್ಕು ಕೂತ ಹಾಗೆ ಸದ್ದು. ಯೂನಿಯನ್ನಿನವರನ್ನು ಕೇಳಿದರೆ ಕಾವಲಿನವರು ತಮ್ಮ ಲೆಕ್ಕದಲ್ಲಿ ಬರುವುದಿಲ್ಲ ಎಂದರು. ಅಷ್ಟರಲ್ಲೇ ಬಾಡಿಗೆಗೆ ಕಾವಲುಗಾರರನ್ನು ಒದಗಿಸುವ ಬೆಂಗಳೂರಿನ ಒಂದು ಏಜೆನ್ಸಿಯ ಜೀಪು ಮಿಲ್ಲಿನೊಳಗೆ ಬಂದು ಹೋದುದನ್ನು ಗೇಟು ತೆಗೆದ ಕೊಂಡಪ್ಪನೇ ನೋಡಿದ್ದ.

ಅವನು ಮ್ಯಾನೇಜರ ಕೋಣೆಗೆ ಹೋದ. ಅವರು ಕೂರಿಸಿದರು, ಕಾಫಿ ತರಿಸಿದರು. ಕೊಂಡಪ್ಪ ಕಾಫಿ ಮುಟ್ಟದೆ, "ಸಾರ್, ನನ್ನನ್ನ ಬಿಟ್ಬಿಡಿ. ನಾನು ಓಡಲ್ಲ" ಎಂದ.

"ಓಡದೆ ಇದ್ದವರು ಫೇಲು ಅಂತ ಲೆಕ್ಕ, ಕೊಂಡಪ್ಪ. ಎಲ್ಲರಿಗೂ ಒಂದೇ ನಿಯಮ."

"ನನ್ನ ಓಟ ನೋಡಿ ಬೇರೆಯೋರನ್ನ ಅಳೆದ್ರೆ ಹೆಂಗೆ ಸಾರ್? ಅವ್ರು ಯಾವತ್ತೂ ಓಡಿದೋರಲ್ಲ. ಗೇಟು ಕಾಯೋಕೆ ಓಟ ಯಾಕೆ?"

"ಕಳ್ಳ ಬಂದರೆ ಹಿಡಿಯಬೇಡವೆ?"

"ಇಪ್ಪತ್ತು ವರ್ಷದಲ್ಲಿ ಒಬ್ಬ ಕಳ್ಳನೂ ಒಳಗೆ ಬಂದಿಲ್ಲ ಸಾರ್."

ಮ್ಯಾನೇಜರು ಕುರ್ಚಿಗೆ ಒರಗಿದರು. ಮುಖದ ಮೇಲಿನ ನಗು ಹಾಗೇ ಇತ್ತು. "ನಿಮಗೇನಪ್ಪ ಭಯ? ನೀವು ಹೇಗೆ ಓಡ್ತೀರೋ ಹಾಗೆ ಓಡಿ. ಆದರೆ ಒಂದು ಮಾತು. ಚಿಂತಾಮಣಿಯಲ್ಲಿ ನೀವು ಓಡಿದ ಟೈಮು ಪೇಪರಿನಲ್ಲೇ ಬಂದಿದೆ. ಅದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ಬೇಕೆಂದೇ ಕೆಡಿಸಿದಿರಿ ಅಂತ ನನಗೆ ಗೊತ್ತಾಗುತ್ತೆ. ಮೊದಲು ಹೋಗೋರು ಆಗ ನೀವೇ." ಆಮೇಲೆ ಮೇಜಿನ ಖಾನೆಯಿಂದ ಒಂದು ಸೀಟಿ ತೆಗೆದು ಅವನ ಕೈಯಲ್ಲಿಟ್ಟರು. "ಇನ್ನೂ ಒಂದು ತಿಂಗಳಿದೆ. ಅವರಿಗೆಲ್ಲ ನೀವೇ ತರಬೇತಿ ಕೊಡಿ. ಕಂಪನಿ ಅವಕಾಶ ಕೊಡಲಿಲ್ಲ ಅಂತ ಯಾರೂ ಹೇಳಬಾರದು."

ಸೀಟಿ ಹಿಡಿದುಕೊಂಡು ಹೊರಗೆ ಬಂದ ಕೊಂಡಪ್ಪನಿಗೆ ತಾನು ಒಳಗೆ ಹೋಗಬಾರದಿತ್ತು ಅನ್ನಿಸಿತು.

ಕೆಲಸ ಬಿಟ್ಟು ಹೋಗಿಬಿಡೋಣವೆಂದರೆ ಮನೆಯಲ್ಲಿ ತಾಯಿ ಅಮ್ಮಾಜಮ್ಮ ಇದ್ದಳು. ಲಕ್ವ ಹೊಡೆದು ಎಡಗಡೆ ಬಿದ್ದುಹೋಗಿತ್ತು. ಕಿಟಕಿಯ ಪಕ್ಕದ ಮಂಚದಿಂದ ಎದ್ದವಳಲ್ಲ. ಮಿಲ್ಲಿನ ಆಸ್ಪತ್ರೆಯ ನರ್ಸು ಬಂದು ಅವಳ ಬೆನ್ನಿನ ಹುಣ್ಣಿಗೆ ಔಷಧ ಹಚ್ಚಿ ಹೋಗುತ್ತಿದ್ದಳು. ವಠಾರ ಬಿಟ್ಟರೆ ಆ ಮಂಚವನ್ನು ಎಲ್ಲಿಗೆ ಹೊತ್ತುಕೊಂಡು ಹೋಗುವುದು? ಹಳ್ಳಿಯ ಮನೆ ತಮ್ಮಂದಿರ ಪಾಲಿಗೆ ಹೋಗಿ ಎಷ್ಟೋ ಕಾಲವಾಗಿತ್ತು.

"ಏಮಿರಾ ಕೊಂಡಾ, ಮುಖ ಯಾಕೆ ಹಂಗೈತೆ?" ಎಂದು ಅಮ್ಮಾಜಮ್ಮ ತೊದಲುತ್ತ ಕೇಳಿದಳು.

"ಏನಿಲ್ಲಮ್ಮ, ಬಿಸಿಲು" ಎಂದ.

ಆ ಭಾನುವಾರ ವೆಂಕಟರವಣಪ್ಪ ಹೆಂಡತಿ ಕದಿರಮ್ಮನನ್ನು ಕರೆದುಕೊಂಡು ಬಂದ. ಇಬ್ಬರೂ ಚಾಪೆಯ ಮೇಲೆ ಕೂತರು. ಆದಿಲಕ್ಷ್ಮಮ್ಮ ಮಜ್ಜಿಗೆ ಕೊಟ್ಟಳು. ಬಹಳ ಹೊತ್ತು ಮಳೆ ಬೆಳೆಯ ಮಾತಾಡಿದ ಮೇಲೆ ವೆಂಕಟರವಣಪ್ಪ ಲೋಟ ಕೆಳಗಿಟ್ಟ.

"ಕೊಂಡಪ್ಪಣ್ಣ, ನಾವೆಲ್ಲ ಕೂತು ಯೋಚನೆ ಮಾಡಿದ್ವಿ. ಅಳತೆ ಅಂತ ಇರೋದು ನಿನ್ನ ಓಟ ಒಂದೇ. ನೀನು ನಿಧಾನಕ್ಕೆ ಬಂದ್ರೆ ಎಲ್ಲಾರೂ ಬಂದಂಗೆ. ನೀನು ಓಡಿದ್ರೆ ನಾವು ಹೋದಂಗೆ."

"ಅವ್ರಿಗೆ ಗೊತ್ತಾಗ್ತದೆ ರವಣಪ್ಪ. ಆ ಮಾತು ಮೊದಲೇ ಹೇಳವ್ರೆ. ನನ್ನನ್ನ ತೆಗೀತಾರೆ."

"ಒಬ್ಬ ಹೋದ್ರೆ ಹತ್ತು ಜನ ಉಳೀತೀವಲ್ಲಣ್ಣ" ಎಂದವನು, ಹೇಳಿದ ಕೂಡಲೇ ತಲೆ ತಗ್ಗಿಸಿದ. ಒಳಗಿನ ಮಂಚದ ಮೇಲೆ ಅಮ್ಮಾಜಮ್ಮ ಕೆಮ್ಮಿದಳು. ಕದಿರಮ್ಮ ಗಂಡನ ಮೊಣಕೈ ತಿವಿದು, "ಹೋಗಣ ಬಾರಯ್ಯ, ಅವ್ರಿಗೂ ಅವ್ರ ಕಷ್ಟ ಇರ್ತದೆ" ಎಂದು ಎದ್ದಳು. ಬಾಗಿಲಲ್ಲಿ ತಿರುಗಿ ಆದಿಲಕ್ಷ್ಮಮ್ಮನ ಕೈ ಹಿಡಿದುಕೊಂಡಳು.

ತರಬೇತಿ ಶುರುವಾಯಿತು. ಬೆಳಗಿನ ಶಿಫ್ಟಿಗೆ ಮುಂಚೆ ಹತ್ತು ಜನ ನಡುವಯಸ್ಸು ದಾಟಿದ ಗಂಡಸರು, ಖಾಕಿ ಚಡ್ಡಿ, ಬನಿಯನ್ನು ತೊಟ್ಟು ಮೈದಾನಕ್ಕೆ ಬರುತ್ತಿದ್ದರು. ಕೊಂಡಪ್ಪನ ಕೊರಳಲ್ಲಿ ಸೀಟಿ. ಅದನ್ನು ಅವನು ಒಂದು ದಿನವೂ ಊದಲಿಲ್ಲ. ಮೊದಲು ನಡೆಯಿರಿ, ಆಮೇಲೆ ಸ್ವಲ್ಪ ಜೋರಾಗಿ ನಡೆಯಿರಿ, ಉಸಿರನ್ನು ಬಾಯಿಂದ ಎಳೆಯಬೇಡಿ ಎಂದು ಹೇಳಿಕೊಡುತ್ತಿದ್ದ. ಅಷ್ಟು ಹೇಳಲೂ ಅವನಿಗೆ ನಾಚಿಕೆ. ಅಮೀರ್ ಜಾನ್ ಅರ್ಧ ಸುತ್ತು ಓಡಿ, ಗೋಲ್ ಕಂಬಕ್ಕೆ ಒರಗಿ, ಮಂಡಿ ಉಜ್ಜಿಕೊಳ್ಳುತ್ತ ಕೂತುಬಿಡುತ್ತಿದ್ದ.

"ಕೊಂಡಪ್ಪಾ, ಈ ಕಾಲು ನನ್ನ ಮಾತು ಕೇಳಲ್ಲ ಕಣೋ. ರಹಮತುನ್ನೀಸಾ ದಿನಾ ಎಣ್ಣೆ ಹಾಕಿ ತಿಕ್ತಾಳೆ. ಬೇಡ ಅಂದ್ರೂ ಕೇಳಲ್ಲ. ಪರೀಕ್ಷೆ ಬರೆಯೋ ಹುಡುಗನಿಗೆ ಹಾಲು ಕೊಡ್ತಾರಲ್ಲ, ಹಂಗೆ ರಾತ್ರಿ ಹಾಲು ಕೊಡ್ತಾಳೆ."

"ಇನ್ನೊಂದು ಸುತ್ತು ನಡಿ ಅಮೀರಣ್ಣ. ನಾನೂ ಬರ್ತೀನಿ."

"ನೀನು ಬಂದ್ರೆ ನಾನು ಓಡ್ತೀನಾ? ನೀನು ಎಷ್ಟು ನಿಧಾನಕ್ಕೆ ಹೋದ್ರೂ ನನಗಿಂತ ಮುಂದೇ ಇರ್ತೀಯ. ಅಲ್ಲಾ ನಿನಗೆ ಅಂಥಾ ಕಾಲು ಕೊಟ್ಟಿದಾನೆ, ಅದು ನಿನ್ನ ತಪ್ಪಾ?" ಅಮೀರ್ ಜಾನ್ ನಗುತ್ತಲೇ ಹೇಳಿದ. ಕೊಂಡಪ್ಪನಿಗೆ ಮಾತ್ರ ಅದು ತಪ್ಪಾಗಿಯೇ ಕೇಳಿಸಿತು.

ಹೊಳೆಯ ದಾರಿಗೆ ಒಬ್ಬನೇ ಹೋಗಿ ಅವನು ನಿಧಾನವಾಗಿ ಓಡುವುದನ್ನು ಅಭ್ಯಾಸ ಮಾಡಿದ. ಆಗಲಿಲ್ಲ. ಹೆಜ್ಜೆ ಚಿಕ್ಕದು ಮಾಡಿದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಉಸಿರನ್ನು ತಡೆದರೆ ಎದೆ ಬಿಗಿಯುತ್ತಿತ್ತು. ಯಾವುದೋ ಯೋಚನೆಯಲ್ಲಿ ಎರಡು ಫರ್ಲಾಂಗು ಹೋಗುವುದರಲ್ಲಿ ಕಾಲು ತನ್ನ ಪಾಡಿಗೆ ತಾನು ಹಳೆಯ ವೇಗ ಹಿಡಿದುಬಿಟ್ಟಿರುತ್ತಿತ್ತು. ಆದರೂ ಪರೀಕ್ಷೆಯ ಹಿಂದಿನ ದಿನ ಅವನು ಗಟ್ಟಿ ಮನಸ್ಸು ಮಾಡಿದ. ಆದಿಲಕ್ಷ್ಮಮ್ಮನ ಹತ್ತಿರ, "ನಾಳೆ ನಿಧಾನಕ್ಕೇ ಓಡ್ತೀನಿ ಕಣೇ. ಆದದ್ದಾಗಲಿ" ಎಂದ. ಅವಳು ಅತ್ತೆಯ ಮಂಚದ ಕಡೆ ಒಮ್ಮೆ ನೋಡಿ, "ನಿಮಗೆ ಹೆಂಗೆ ಸರಿ ಅನ್ನಿಸ್ತದೋ ಹಂಗೆ ಮಾಡಿ" ಎಂದಳು. ಬೇಡ ಎಂದಿದ್ದರೆ ಸುಲಭವಾಗುತ್ತಿತ್ತು.

ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಬೆಂಗಳೂರಿನಿಂದ ಬಂದ ಡಾಕ್ಟರಿಗೆ ಸುಮಾರು ನಲವತ್ತು ವಯಸ್ಸು, ಮೆಲುಮಾತಿನ ಮನುಷ್ಯ. ಮೊದಲು ಒಬ್ಬೊಬ್ಬರೂ ಒಂದು ಮರದ ಬೆಂಚನ್ನು ಹತ್ತಿ ಇಳಿದು ಮಾಡಬೇಕು, ಅವರು ತಾಳ ಹಾಕಿದ ಹಾಗೆ. ಸಾಕು ಎಂದಾಗ ಕೂತರೆ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ. ಸ್ವಲ್ಪ ಬಿಟ್ಟು ಮತ್ತೆ ಎಣಿಸುತ್ತಾರೆ. ಎದೆ ಬಡಿತ ಎಷ್ಟು ಬೇಗ ತಣ್ಣಗಾಗುತ್ತದೋ ಅಷ್ಟು ಗಟ್ಟಿ ಹೃದಯ ಎಂದು ಅರ್ಥ.

ಕೊಂಡಪ್ಪನ ಸರದಿ ಬಂತು. ಅವನು ಹತ್ತುವಾಗ ಬೇಕೆಂದೇ ತಡವರಿಸಿದ. ಬಾಯಿ ತೆರೆದು ಏದುಸಿರು ಬಿಟ್ಟ. ಕೊನೆಗೆ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದ ಹಾಗೆ ಕೂತ. ಡಾಕ್ಟರು ಮಣಿಕಟ್ಟಿಗೆ ಬೆರಳಿಟ್ಟು ಗಡಿಯಾರ ನೋಡಿದರು. ಮತ್ತೆ ನೋಡಿದರು. ಅವರ ಹುಬ್ಬು ಮೇಲಕ್ಕೆ ಹೋಯಿತು.

"ಏದುಸಿರು ನಿಲ್ಲಿಸಿ ಸ್ವಾಮಿ. ನಿಮಗೆ ಆಯಾಸವೇ ಆಗಿಲ್ಲ. ಮೂವತ್ತು ವರ್ಷದವರ ನಾಡಿಯೂ ಇಷ್ಟು ಬೇಗ ಇಳಿಯೋದಿಲ್ಲ."

ಕೊಂಡಪ್ಪ ಸುತ್ತ ನೋಡಿ, ದನಿ ತಗ್ಗಿಸಿ, "ಸ್ವಲ್ಪ ಜಾಸ್ತಿ ಬರ್ಕೊಳ್ಳಿ ಸಾರ್" ಎಂದ.

"ಯಾಕೆ?"

ಅವನು ಹೇಳಿದ. ಹೊರಗೆ ಮರದ ನೆರಳಲ್ಲಿ ಕೂತಿದ್ದ ಹತ್ತು ಜನರ ಕಡೆ ಕಣ್ಣಲ್ಲೇ ತೋರಿಸಿದ. ಡಾಕ್ಟರು ಮಣಿಕಟ್ಟು ಬಿಡದೆ ಕೇಳಿಸಿಕೊಂಡರು. ಅವರಿಗೆ ಯಾರೂ ಇದನ್ನು ಹೇಳಿರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

"ನಾನು ಕಂಡದ್ದನ್ನ ಬರೀಬೇಕಪ್ಪ. ಇಲ್ಲದ್ದು ಬರೆಯೋಕೆ ನನ್ನಿಂದಾಗಲ್ಲ" ಎಂದರು. ಆಮೇಲೆ, "ಓಟದಲ್ಲಿ ನೀವು ಏನು ಮಾಡ್ತೀರೋ ಅದು ನಿಮಗೆ ಬಿಟ್ಟದ್ದು" ಎಂದು ಸೇರಿಸಿ ಮುಂದಿನವನನ್ನು ಕರೆದರು.

ಓಟ ಶುರುವಾಯಿತು. ಮ್ಯಾನೇಜರು ಸ್ಟಾಪ್‌ವಾಚ್ ಹಿಡಿದು ಗೆರೆಯ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದರು. ಮೊದಲ ಸುತ್ತು ಎಲ್ಲರೂ ಒಂದು ಗುಂಪಾಗಿ ಹೋದರು. ಕೊಂಡಪ್ಪ ನಡುವೆ ಇದ್ದ. ಎರಡನೆಯ ಸುತ್ತಿನಲ್ಲೂ ಇದ್ದ. ಪಕ್ಕದಲ್ಲಿ ವೆಂಕಟರವಣಪ್ಪ, ಮುಖ ಕೆಂಪಾಗಿ, ಕೈ ಬೀಸುತ್ತ, ಪ್ರತಿ ಉಸಿರಿಗೂ ಸಿಳ್ಳೆ ಹೊಡೆದ ಹಾಗೆ ಸದ್ದು ಮಾಡುತ್ತ ಓಡುತ್ತಿದ್ದ. ಆ ತಿಂಗಳೆಲ್ಲ ಅವನು ಒಂದು ದಿನ ತಪ್ಪಿಸದೆ ಬಂದು ಅಭ್ಯಾಸ ಮಾಡಿದ್ದ. "ಹಿಂಗೇ ಅಣ್ಣ... ಹಿಂಗೇ" ಎಂದು ಪಿಸುಗುಟ್ಟಿದ. ಅಮೀರ್ ಜಾನ್ ಆಗಲೇ ಹಿಂದೆ ಬಿದ್ದು, ಕುಂಟುತ್ತ ನಡೆಯುತ್ತಿದ್ದ. ಮ್ಯಾನೇಜರು ಎದ್ದುನಿಂತು, "ಕೊಂಡಪ್ಪ, ನಾಟಕ ಬೇಡ!" ಎಂದು ಕೂಗಿದರು. ಕೊಂಡಪ್ಪ ಕೇಳಿಸದವನ ಹಾಗೆ ಓಡಿದ. ಮೂರನೆಯ ಸುತ್ತು ಮುಗಿಯಿತು. ನಾಲ್ಕನೆಯದೂ ಹೆಚ್ಚುಕಡಿಮೆ ಮುಗಿಯಿತು.

ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ತಿರುವಿನಲ್ಲಿ ಹುಣಸೆ ಮರಗಳ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಅಷ್ಟು ಹೊತ್ತು ಬಿಗಿಹಿಡಿದಿದ್ದ ಮೀನಖಂಡ ಸಡಿಲವಾಯಿತು. ಒಂದು ಹೆಜ್ಜೆ ಉದ್ದವಾಯಿತು, ಅದರ ಹಿಂದೆ ಇನ್ನೊಂದು. ಪಕ್ಕದ ಸಿಳ್ಳೆ ಸದ್ದು ಹಿಂದೆ ಬಿತ್ತು, ಕ್ಷೀಣವಾಯಿತು, ನಿಂತುಹೋಯಿತು. ಎದೆಯಲ್ಲಿ ಉಸಿರು ತುಂಬಿ, ಮೈ ಹಗುರವಾಗಿ, ನೆಲ ತಾನೇ ಕಾಲ ಕೆಳಗೆ ಹಿಂದಕ್ಕೆ ಓಡುತ್ತಿತ್ತು. ತಿಂಗಳ ಭಾರವೆಲ್ಲ ಇಳಿದಂತೆ ಇತ್ತು. ಮ್ಯಾನೇಜರಿಲ್ಲ, ಮಿಲ್ಲಿಲ್ಲ, ಯಾರೂ ಇಲ್ಲ. ಎರಡು ಸುತ್ತು ಅವನು ಹಾಗೆ ಓಡಿದ, ಹೊಳೆಯ ದಾರಿಯಲ್ಲಿ ಒಬ್ಬನೇ ಇದ್ದ ಹಾಗೆ. ಗೆರೆ ದಾಟಿ ನಿಂತು ತಿರುಗಿ ನೋಡಿದಾಗ ಮೈದಾನದ ಆ ಕಡೆಯಲ್ಲಿ ಒಬ್ಬೊಬ್ಬರು ಒಂದೊಂದು ಕಡೆ ಚೆದುರಿಹೋಗಿದ್ದರು. ಮ್ಯಾನೇಜರು ಸ್ಟಾಪ್‌ವಾಚ್ ನೋಡಿ, "ಹೀಗೆ ಬನ್ನಿ ದಾರಿಗೆ!" ಎಂದು ಅವನ ಬೆನ್ನು ತಟ್ಟಿದರು.

ಐವತ್ತೊಂದು ವರ್ಷದವನೊಬ್ಬ ಹೇಗೋ ಪಾಸಾದ. ಕೊನೆಯ ಎರಡು ಸುತ್ತು ಉಸಿರು ಸಾಲದೆ ನಡೆದೇ ಬಂದ ವೆಂಕಟರವಣಪ್ಪ ಒಂದು ತಿರುವಿನಷ್ಟರಲ್ಲಿ ಫೇಲಾದ. ಗೆರೆಯ ಹತ್ತಿರ ಬಂದು ಮೊಣಕಾಲೂರಿ ಕೂತವನನ್ನು ಡಾಕ್ಟರು ಬಂದು ಹಿಡಿದುಕೊಂಡರು. ಅವನಿಗೆ ಉಸಿರು ಬಂದಾಗ ಕಣ್ಣು ಹುಡುಕಿದ್ದು ಕೊಂಡಪ್ಪನನ್ನು. ಬೈಯಲಿಲ್ಲ.

ಯಾರೂ ಬೈಯಲಿಲ್ಲ. ಒಂದೊಂದೇ ಮನೆ ಖಾಲಿಯಾಯಿತು. ಗಾಡಿಗೆ ಮಂಚ, ರುಬ್ಬುಗುಂಡು, ಕೋಳಿಬುಟ್ಟಿ ಹೇರಿಕೊಂಡು ಹೋಗುವಾಗ ಕೊಂಡಪ್ಪ ಕೈಹಾಕಲು ಹೋದರೆ, "ಬೇಡಿ ಬಿಡಣ್ಣ, ನಾವು ಹಾಕ್ಕೊಳ್ತೀವಿ" ಎನ್ನುತ್ತಿದ್ದರು. ಅಮೀರ್ ಜಾನ್ ಮಾತ್ರ ಹೋಗುವ ದಿನ ಬಾಗಿಲಿಗೆ ಬಂದು, "ಚಿಕ್ಕಬಳ್ಳಾಪುರಕ್ಕೆ ಹೋಗ್ತಿದೀನಿ, ಭಾಮೈದನ ತರಕಾರಿ ಮಂಡಿಗೆ" ಎಂದು ಹೇಳಿದ. ಬಾ ಎಂದು ಕರೆಯಲಿಲ್ಲ. ಏಜೆನ್ಸಿಯ ಹುಡುಗರು ನೀಲಿ ಸಮವಸ್ತ್ರದಲ್ಲಿ ಬಂದರು. ಅವರಿಗೆ ವಠಾರ ಬೇಕಿರಲಿಲ್ಲ. ಪಾಸಾದವನೂ ಐವತ್ತು ತುಂಬದ ಉಳಿದ ಕಾವಲಿನವರೂ ಊರೊಳಗಿನ ತಮ್ಮ ತಮ್ಮ ಮನೆಗಳಿಂದ ಬರುತ್ತಿದ್ದರು. ಸಾಲು ಮನೆಗಳಲ್ಲಿ ದೀಪ ಉರಿಯುತ್ತಿದ್ದುದು ಒಂದೇ ಮನೆಯಲ್ಲಿ. ಮನೆಯಲ್ಲಿ ಮೊಸರು ಮುಗಿದ ದಿನ ಹೆಪ್ಪಿಗೆ ಒಂದು ಚಮಚ ಮೊಸರು ಬೇಕೆಂದರೆ ಆದಿಲಕ್ಷ್ಮಮ್ಮ ಮುಖ್ಯರಸ್ತೆಯ ಹೋಟೆಲಿನವರೆಗೆ ನಡೆಯಬೇಕಾಯಿತು.

ಕೊಂಡಪ್ಪನನ್ನು ಕಾಡಿದ್ದು ತಾನು ಓಡಿದ್ದಲ್ಲ, ಓಡುವಾಗ ಸುಖವಾಗಿತ್ತು ಅನ್ನುವುದು. ಅದನ್ನು ಅವನು ಹೆಂಡತಿಗೂ ಹೇಳಲಿಲ್ಲ.

ಮರುವರ್ಷ ಮ್ಯಾನೇಜರು ಮತ್ತೆ ಕರೆಸಿದರು. ಐವತ್ತು ದಾಟಿದವರು ಆ ಹೊತ್ತಿಗೆ ಇಬ್ಬರೇ. "ಇನ್ನು ಮೇಲೆ ಪ್ರತಿ ವರ್ಷ ಪರೀಕ್ಷೆ. ಆದರೆ ನೀವಿಬ್ಬರೇ ಇರೋದರಿಂದ ಹೊಸ ಅಳತೆ ಮಾಡೋದರಲ್ಲಿ ಅರ್ಥ ಇಲ್ಲ. ಮೊದಲ ವರ್ಷ ನೀವು ಕೊನೆಯ ಎರಡು ಸುತ್ತು ಓಡಿದ ವೇಗವನ್ನೇ ಆರು ಸುತ್ತಿಗೂ ಇಟ್ಟುಕೊಳ್ಳೋಣ" ಎಂದರು. ಪಾಸಾಗಿದ್ದ ಇನ್ನೊಬ್ಬ ಅದನ್ನು ಕೇಳಿದ ದಿನವೇ ರಾಜೀನಾಮೆ ಬರೆದುಕೊಟ್ಟು ಸಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಸೇರಿಕೊಂಡ. ಕಾಲು ಭಾಗದ ವಿನಾಯಿತಿ ಮೊದಲು ಬಾರದವರಿಗೆ, ಕೊಂಡಪ್ಪನಿಗೆ ಅದು ಅನ್ವಯಿಸುವುದಿಲ್ಲ ಎಂದು ಆಮೇಲೆ ತಿಳಿಯಿತು. ಅವನು ತನ್ನ ಓಟವನ್ನೇ ತಾನು ಮುಟ್ಟಬೇಕಿತ್ತು.

ಆ ವರ್ಷ ಮುಟ್ಟಿದ. ಅದರ ಮುಂದಿನ ವರ್ಷ ಸ್ವಲ್ಪದರಲ್ಲಿ ತಪ್ಪಿದ. ಗೆರೆಯಾಚೆ ಬಗ್ಗಿ ನಿಂತವನ ನಾಡಿ ಹಿಡಿದು ಡಾಕ್ಟರು ಮ್ಯಾನೇಜರಿಗೆ ಹೇಳಿದರು: "ಹೃದಯ ಚೆನ್ನಾಗಿದೆ. ಆದರೆ ಈ ವಯಸ್ಸಿನಲ್ಲಿ ವರ್ಷ ವರ್ಷ ಇಷ್ಟಿಷ್ಟು ಇಳಿತ ಇದ್ದೇ ಇರುತ್ತೆ. ಎಷ್ಟೇ ಅಭ್ಯಾಸ ಮಾಡಿದರೂ ಇಳಿಯುತ್ತೆ. ಇದು ಸಹಜ." ಮ್ಯಾನೇಜರು, "ಈ ಸಲಕ್ಕೆ ಬಿಟ್ಟಿದ್ದೇನೆ" ಎಂದರು, ತಮ್ಮ ಕಿಸೆಯಿಂದ ತೆಗೆದು ಕೊಟ್ಟವರ ಹಾಗೆ.

ಕೊಂಡಪ್ಪ ಸಿಹಿ ಬಿಟ್ಟ. ಕಾಲಿಗೆ ಮರಳು ಚೀಲ ಕಟ್ಟಿಕೊಂಡು ಓಡಿದ. ಬೆಳಗಿನ ಓಟ ಸಂಜೆಯೂ ಆಯಿತು. ಗೇಟಿನಲ್ಲಿ ಕೂತಾಗ, ಊಟಕ್ಕೆ ಕೂತಾಗ, ತನಗೆ ಗೊತ್ತಿಲ್ಲದ ಹಾಗೆ ಬಲಗೈ ಬೆರಳು ಎಡ ಮಣಿಕಟ್ಟಿಗೆ ಹೋಗುತ್ತಿತ್ತು. ಚಿಂತಾಮಣಿಯ ಸಂಘದವರು ಮತ್ತೆ ಕರೆಯಲು ಬಂದಾಗ ಮನೆಯಲ್ಲಿಲ್ಲವೆಂದು ಹೇಳಿಸಿದ. ಹೊಳೆಯ ದಾರಿಯಲ್ಲಿ ನವಿಲು ಬಂದರೂ ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದ. ಒಂದು ಸಲ ಆದಿಲಕ್ಷ್ಮಮ್ಮ, "ಯಾರೋ ಅಟ್ಟಿಸಿಕೊಂಡು ಬರೋರ ಥರ ಓಡ್ತೀರಲ್ಲ, ಮೊದಲು ಹಿಂಗಿರಲಿಲ್ಲ ನೀವು" ಎಂದಳು. ಅವನಿಗೆ ಸಿಟ್ಟು ಬಂತು. "ಆ ಮಂಚ ಎಲ್ಲಿಡ್ತೀಯ ಹೇಳು, ನಾಳೆ ನಿಲ್ಲಿಸ್ತೀನಿ" ಎಂದು ರೇಗಿದ. ಅಮ್ಮಾಜಮ್ಮನಿಗೆ ಅದು ಕೇಳಿಸಿತು. ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು.

1990ರ ಕಾರ್ತೀಕದಲ್ಲಿ ಅಮ್ಮಾಜಮ್ಮ ತೀರಿಕೊಂಡಳು. ತಿಥಿ ಮುಗಿಸಿ, ಮಂಚವನ್ನು ಹಗ್ಗ ಬಿಚ್ಚಿ ಹಿತ್ತಲಿಗೆ ಹಾಕಿದ ಮೇಲೆ ಆದಿಲಕ್ಷ್ಮಮ್ಮ ಕೇಳಿದಳು: "ಇನ್ನೇನು ಕಟ್ಟಿಹಾಕೈತೆ ನಿಮ್ಮನ್ನ? ನಮ್ಮಣ್ಣ ಸಿಡ್ಲಘಟ್ಟದಲ್ಲಿ ಎರಡು ಕೋಣೆ ಬಿಟ್ಟುಕೊಡ್ತೀನಿ ಅಂತವ್ನೆ. ಹೋಗಣ ಬನ್ನಿ."

ಕೊಂಡಪ್ಪ ಆಗಲಿ ಎಂದ. ಮರುದಿನ ಬೆಳಗ್ಗೆ ಎದ್ದು ಮರಳು ಚೀಲ ಕಟ್ಟಿಕೊಂಡು ಓಡಲು ಹೋದ. ಅದರ ಮರುದಿನವೂ ಹೋದ. ನಿಲ್ಲಿಸಲು ಯಾರ ಅಪ್ಪಣೆ ಬೇಕಿತ್ತೋ ಅವನಿಗೇ ತಿಳಿಯಲಿಲ್ಲ. ಮುಂದಿನ ವರ್ಷ ಹೇಗೂ ನಿವೃತ್ತಿ, ಒಂದು ಪರೀಕ್ಷೆ ಅಷ್ಟೇ ಎಂದುಕೊಂಡ. ಅಷ್ಟು ಜನರನ್ನು ಕಳೆದು ಉಳಿಸಿಕೊಂಡ ಜಾಗವನ್ನು ಹಾಗೇ ಬಿಟ್ಟು ಹೋದರೆ ಅವರು ಹೋದದ್ದಕ್ಕೆ ಏನು ಅರ್ಥ ಎಂದೂ ಅಂದುಕೊಂಡ. ಎರಡೂ ನಿಜವಾದ ಕಾರಣಗಳಲ್ಲವೆಂದು ಒಳಗೆ ಗೊತ್ತಿತ್ತು.

ಫೆಬ್ರವರಿಯಲ್ಲಿ ಪರೀಕ್ಷೆ. ಈ ಸಲ ಶಾಮಿಯಾನವೂ ಇಲ್ಲ. ಮ್ಯಾನೇಜರು, ಡಾಕ್ಟರು, ಬೇಲಿಯ ಹತ್ತಿರ ಬೀಡಿ ಸೇದುತ್ತ ನಿಂತ ಏಜೆನ್ಸಿಯ ನಾಲ್ಕು ಹುಡುಗರು. ಆರು ಸುತ್ತಿನ ಮೈದಾನದಲ್ಲಿ ಕೊಂಡಪ್ಪ ಒಬ್ಬನೇ. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯದರಲ್ಲಿ ಮ್ಯಾನೇಜರು, "ಹಿಂದಿದ್ದೀರಿ, ಹಿಂದಿದ್ದೀರಿ" ಎಂದು ಕೂಗಿದರು. ಕೊಂಡಪ್ಪ ತನ್ನ ಮುಂದೆ ನೋಡಿದ. ಮುಂದೆ ಯಾರೂ ಇರಲಿಲ್ಲ. ತಾನು ಯಾರ ಹಿಂದಿದ್ದೇನೆ ಎಂದು ಓಡುತ್ತಲೇ ಯೋಚಿಸಿದ. ಮೂರು ವರ್ಷದ ಹಿಂದಿನ ಕೊಂಡಪ್ಪನ ಹಿಂದೆ. ಆವತ್ತು ಯಾರನ್ನೂ ನೋಡದೆ ಓಡಿಹೋದ ಆ ಮನುಷ್ಯನನ್ನು ಹಿಡಿಯಬೇಕೆಂದು ಅವನಿಗೆ ಅನ್ನಿಸಲೇ ಇಲ್ಲ. ಅವನು ಹೋಗಲಿ ಅನ್ನಿಸಿತು.

ಮೂರನೆಯ ಸುತ್ತಿನ ಕೊನೆಯಲ್ಲಿ ಅವನು ಓಟ ಕಡಿಮೆ ಮಾಡಿದ. ನಡೆದ. ಗೆರೆಯ ಹತ್ತಿರ ಬಂದು, ಕಲ್ಲಿನ ಮೇಲೆ ಮಡಿಸಿಟ್ಟಿದ್ದ ಶರಟು ತೆಗೆದುಕೊಂಡ.

"ಏನಾಯಿತು? ಇನ್ನೂ ಅರ್ಧ ಇದೆ" ಎಂದರು ಮ್ಯಾನೇಜರು.

"ಇರ್ಲಿ ಬಿಡಿ ಸಾರ್."

"ಎದೆನೋವೇ?" ಡಾಕ್ಟರು ಗಾಬರಿಯಿಂದ ಕೈ ಚಾಚಿದರು. ಕೊಂಡಪ್ಪ ಕೈ ಕೊಡಲಿಲ್ಲ. "ಚೆನ್ನಾಗಿದೀನಿ ಸಾರ್. ಎಣಿಸೋದು ಬೇಡ" ಎಂದ. ಗುಂಡಿ ಹಾಕಿಕೊಳ್ಳುತ್ತ ಮೈದಾನ ದಾಟಿದ. ಹಿಂದಿನಿಂದ ಮ್ಯಾನೇಜರು ಏನೋ ಹೇಳುತ್ತಿದ್ದರು. ನಿಂತು ಕೇಳಬೇಕೆನಿಸಲಿಲ್ಲ.

ವಠಾರ ಬಿಟ್ಟು ಸಿಡ್ಲಘಟ್ಟಕ್ಕೆ ಹೋಗುವ ದಾರಿಯಲ್ಲಿ ಅವನು ಚಿಕ್ಕಬಳ್ಳಾಪುರದಲ್ಲಿ ಇಳಿದು ತರಕಾರಿ ಮಂಡಿ ಹುಡುಕಿಕೊಂಡು ಹೋದ. ಅಮೀರ್ ಜಾನ್ ಹೂಕೋಸಿನ ಮೂಟೆಗಳ ನಡುವೆ ಕುರ್ಚಿಯಲ್ಲಿದ್ದ. ಇನ್ನೂ ದಪ್ಪಗಾಗಿದ್ದ. ನೋಡಿದ ಕೂಡಲೇ ಏಳಲಿಲ್ಲ. ಪಕ್ಕದ ಮೂಟೆಯನ್ನು ಕಾಲಿನಿಂದ ಸರಿಸಿ ಕೂರಲು ಜಾಗ ಮಾಡಿದ, ಮನೆಗೆ ಹೇಳಿ ಕಳಿಸಿ ಟೀ ತರಿಸಿದ. ಇಬ್ಬರೂ ಟೀ ಕುಡಿದರು.

"ಒಂದು ವರ್ಷ, ಕೊಂಡಪ್ಪ," ಎಂದ ಅಮೀರ್ ಜಾನ್ ಕೊನೆಗೆ, "ಒಂದು ವರ್ಷ ಪೂರ್ತಿ ನಮಾಜಿಗೆ ಕೂತಾಗಲೆಲ್ಲ ನಿನ್ನ ಕಾಲು ಮುರೀಲಿ ಅಂತ ಕೇಳ್ಕೊಂಡಿದೀನಿ. ರಹಮತುನ್ನೀಸಾಗೆ ಗೊತ್ತಾಗಿ ಬೈದಳು. ಆಮೇಲೆ ಬಿಟ್ಟೆ."

"ಮುರೀಲಿಲ್ಲ" ಎಂದ ಕೊಂಡಪ್ಪ.

"ನೋಡ್ತಿದೀನಲ್ಲ." ಅಮೀರ್ ಜಾನನ ಹೊಟ್ಟೆ ಕುಲುಕಿತು. ನಗುತ್ತಿದ್ದ. ಕೊಂಡಪ್ಪನಿಗೆ ನಗು ಬರಲಿಲ್ಲ. ಅವನು ವೆಂಕಟರವಣಪ್ಪ ಎಲ್ಲಿದ್ದಾನೆಂದು ಕೇಳಿದ.

"ಚಿಂತಾಮಣಿ ಹತ್ರ, ಮಾವನ ಊರಲ್ಲಿ. ಅಲ್ಲಿಗೆ ಹೋಗಬೇಡ. ಅವನು ಬಾಗಿಲು ತೆಗೆಯಲ್ಲ."

ಆದರೂ ಕೊಂಡಪ್ಪ ಮುಂದಿನ ವಾರ ಹೋದ. ಊರ ಕೊನೆಯ ಹೆಂಚಿನ ಮನೆ. ಬಾಗಿಲು ತೆರೆದೇ ಇತ್ತು. ಅವನನ್ನು ಕಂಡು ಕದಿರಮ್ಮ ಹೊಸ್ತಿಲಿಗೆ ಬಂದು ನಿಂತಳು. "ಅವ್ರು ಮನೇಲಿಲ್ಲಣ್ಣ" ಎಂದಳು. ಹೇಳುತ್ತಿರುವಾಗಲೇ ಒಳಗಿನಿಂದ ಉಬ್ಬಸದ ಸದ್ದು ಬಂತು. ಅವಳು ನೆಲ ನೋಡಿದಳು.

"ಆಗ್ಲಿ ಕಣಮ್ಮ. ಬಸ್ಸು ಬರೋತನಕ ಜಗಲಿ ಮೇಲೆ ಕೂತಿರ್ತೀನಿ" ಎಂದ ಕೊಂಡಪ್ಪ.

ಕೂತ. ಬಿಸಿಲು ಜಗಲಿಯ ಅಂಚಿನಿಂದ ಒಳಗೆ ಸರಿದು ಅವನ ಪಾದಕ್ಕೆ ಬಂತು. ಒಳಗಿನ ಉಸಿರು ಒಮ್ಮೆ ಎಳೆದು, ಒಮ್ಮೆ ತಡೆದು, ಗೋಡೆಯ ಆ ಕಡೆ ತೀರಾ ಹತ್ತಿರದಲ್ಲಿ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಗಂಡಸಿನ ದನಿ ಏನೋ ಗೊಣಗಿತು. ಕದಿರಮ್ಮ ಒಂದು ಚೊಂಬು ನೀರು ತಂದು ಅವನ ಪಕ್ಕದಲ್ಲಿಟ್ಟು ಹೋದಳು.

ಅವನು ನೀರು ಕುಡಿದ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿದಾಗ ಎದ್ದು, ಬಾಗಿಲ ಕಡೆ ತಿರುಗಿ, "ರವಣಪ್ಪ, ಬರೋ ಗುರುವಾರ ಬರ್ತೀನಿ" ಎಂದ.

ಒಳಗಿನಿಂದ ಉತ್ತರ ಬರಲಿಲ್ಲ. ಬೇಡ ಎಂಬ ಮಾತೂ ಬರಲಿಲ್ಲ.